ಭಂಗಾರ್ ಅಂಗಡಿಯಿಂದ ಕಟ್ಟಿಗಿ ಶೋ ಸಾಮಾನು ತಂದೀನಿ, ಮನಿ ಕೆಲಸಕ್ಕ ಬರೂ ಹಂಗ ಏನ್ ಮಾಡ್ಲಿ?

ರೊಟ್ಟಿಬುಟ್ಟಿ · ಕಲಬುರಗಿ · ಶನಿವಾರ ರಾತ್ರಿ 9:40

ಶರಣ್ರಿ ಎಲ್ಲರಿಗೂ.

ನಿನ್ನಿ ಆಳಂದ ರಸ್ತೆ ಕಡಿ ಒಂದು ಭಂಗಾರ್ ಅಂಗಡಿಗಿ ಸುಟ್ಟ ಮಿಕ್ಸರ್ ಹಾಕ್ಲಿಕ್ಕ ಹೋಗಿದ್ದೆ. ಹಾಕಿ ಸುಮ್ನ ಬರೂದು ಬಿಟ್ಟು ಒಂದು ಚೀಲ ತುಂಬ ಕಟ್ಟಿಗಿ ಸಾಮಾನು ಹೊತ್ಕೊಂಡು ಬಂದೀನಿ. ಯಾರೋ ಮನಿ ಖಾಲಿ ಮಾಡುವಾಗ ಶೋಕೇಸಿನಾಗಿಂದು ಎಲ್ಲಾ ಬಳದು ಹಾಕಿ ಹೋಗ್ಯಾರಂತ. ಎಲ್ಲಾ ಕೂಡಿ 600 ರೂಪಾಯಿ. "ಜನ ಭಂಗಾರ ಹಾಕ್ತಾರ, ನೀ ಭಂಗಾರ ತರ್ತಿ" ಅಂದ್ರು ನಮ್ಮನಿಯವರು. ಒತ್ತು ಒಂದು ತೆಗದ್ರ ಬಂಗಾರ ಆಗ್ತದ ಅಂತ ನಾನೂ ಬಿಡ್ಲಿಲ್ಲ.

ಏನೇನ್ ಅವ ಅಂದ್ರ, ಝರೋಕಾ (ಅರಮನಿ ಕಮಾನಿನ ಕಿಡಕಿ) ಆಕಾರದ ಒಂದು ಚೌಕಟ್ಟು, ಎರಡು ಫೂಟ್ ಎತ್ತರ. ನಡುವ ಕನ್ನಡಿ ಇದ್ದಿರಬೇಕು, ಈಗ ಬರೇ ಕಿಂಡಿ. ಗ್ವಾಡಿಗಿ ತೂಗು ಹಾಕೂ ದುಂಡನ್ನ ತಾಟು, ಬಳ್ಳಿ ನಡುನಡುವ ಹಿತ್ತಾಳಿ ತಂತಿ ಕೂಡಿಸ್ಯಾರ. ಕೆಂಪು ಹಳದಿ ಬಣ್ಣದ ಎರಡು ಆನಿ, ಒಂದಕ್ಕ ಸೊಂಡಿ ಇಲ್ಲ. ಮಡಚೂ ಸ್ಟ್ಯಾಂಡ್ ಒಂದು, ತೆರೆದ್ರ ಗುಣಾಕಾರ ಚಿಹ್ನಿ ಹಂಗ ನಿಲ್ತದ. ಒಂದು ದೊಡ್ಡ ಬೋಗುಣಿ, ಥಳಥಳ ಹೊಳಿತದ. ಮತ್ತ ಕೀಲಿಕೈ ತೂಗು ಹಾಕೂ ಮನಿ ಆಕಾರದ ಹಲಗಿ.

ನನಗ ಶೋಕ್ಕ ಇಡೂದು ಬ್ಯಾಡ. ದಿನಾ ಕೈಗಿ ಬರಬೇಕು. ಬಾಡಿಗಿ ಮನಿ, ಗ್ವಾಡಿಗಿ ಹೊಸಾ ಮೊಳಿ ಹೊಡಿಲಿಕ್ಕ ಮಾಲಕರು ಬಿಡಲ್ಲ. ನನ್ನ ಕಡಿ ಸುತ್ತಿಗಿ, ಪೇಚ್‌ಕಸ್, ತಮ್ಮನ ಡ್ರಿಲ್ ಇಷ್ಟ ಅವ. ಹೇಳ್ರಿ.

ಬಿಸಿಲೂರ_ಮಾಸ್ತರ · ರಾತ್ರಿ 9:58

ತಂಗಿ, ತಪ್ಪ ತಿಳ್ಕೋಬ್ಯಾಡ. ಆ ಮನಿಯವರು ಯಾಕ ಹಾಕಿದ್ರು ಅಂತ ಮೊದ್ಲ ವಿಚಾರ ಮಾಡು. ಧೂಳ. ನಮ್ಮೂರಾಗ ಮುಂಜಾನಿ ಒರಸಿದ್ದು ಮಧ್ಯಾಹ್ನಕ್ಕ ಮತ್ತ ಮಣ್ಣ. ಕೆತ್ತನಿ ಸಂದ್ಯಾಗ ಹೊಕ್ಕ ಧೂಳ ಹಲ್ಲುಜ್ಜೂ ಬ್ರಷ್‌ಗೂ ಬರಲ್ಲ. ಶರಣಬಸವೇಶ್ವರ ಜಾತ್ರ್ಯಾಗ ನಮ್ಮ ಮನಿಯಾಕಿ ಕಟ್ಟಿಗಿ ನವಿಲು ತಂದಿದ್ಲು. ಎರಡು ವರ್ಷದಾಗ ಅದು ಕಾಗಿ ಆಯ್ತು.

ಬಡಿಗೇರ_ಕಾಕಾ · ರಾತ್ರಿ 10:31

ಮಾಸ್ತರ ಮಾತು ಅರ್ಧ ಖರೆ. ಧೂಳ ಕೂಡೂದು ಕೈ ಮುಟ್ಟಲಾರದ ಸಾಮಾನಿನ ಮ್ಯಾಗ. ಲಟ್ಟಣಗಿ ಮ್ಯಾಗ ಧೂಳ ಕೂತದ್ದು ಯಾರರೆ ನೋಡೀರೇನು? ಮನ್ಯಾಗ ಎಲ್ಲಿ ಕೈ ದಿನಾ ಹೋಗ್ತದ ಅಲ್ಲಿ ಇಟ್ರ ಅದು ತಾನೇ ಹಸನ ಇರ್ತದ. ತಂಗಿ ಕೇಳಿದ್ದೂ ಅದೇ.

ಆದ್ರ ಮಾಡೂ ಮೊದ್ಲ ಕೈಯಾಗ ಇದ್ದದ್ದು ಯಾವ ಕಟ್ಟಿಗಿ ಅಂತ ಗೊತ್ತಿರಬೇಕವ್ವ. ಎಲ್ಲಾ ಸಾಮಾನು ಬೋರಲ ಹಾಕು. ಮುಂದಿನ ಮುಖಕ್ಕ ಬಣ್ಣ ಹಚ್ಚಿರ್ತಾರ, ಬೆನ್ನಿಗಿ ಯಾರೂ ಹಚ್ಚಲ್ಲ. ಅಂಚಿನ್ಯಾಗ ನಾರು ಕಾಣ್ಲಿಲ್ಲ, ಬಿಸ್ಕೀಟ್ ಮುರದಂಗ ಒಂದೇ ಸಮ ಕಂಡ್ತು ಅಂದ್ರ ಅದು ಕಟ್ಟಿಗಿ ಅಲ್ಲ, ಎಂಡಿಎಫ್. ಕಟ್ಟಿಗಿ ನಾರು ಅರದು ಅಂಟು ಹಾಕಿ ಒತ್ತಿದ ಹಲಗಿ. ನೀರು ಕುಡದ್ರ ರೊಟ್ಟಿ ಹಂಗ ಉಬ್ಬತದ, ಆದ್ರ ಮತ್ತ ಇಳಿಯಲ್ಲ. ನಿನ್ನ ಕೀಲಿಕೈ ಮನಿ ಅದೇ ಇರಬೇಕು.

ಜಾತ್ರಿ, ಎಕ್ಸಿಬಿಶನ್ದಾಗ ಬರೂ ಕೆತ್ತನಿ ಸಾಮಾನು ಭಾಳಷ್ಟು ಉತ್ತರ ಪ್ರದೇಶದ ಸಹಾರನ್‌ಪುರದ್ದು. ಅಲ್ಲಿ ಶೀಸಂ ಮತ್ತ ಮಾವು ಹೆಚ್ಚು ನಡೀತದ. ಶೀಸಂ ಕಂದು ಬಣ್ಣ, ಕರಿ ಗೆರಿ, ಕೈಗಿ ಭಾರ. ಮಾವು ತಿಳಿ ಬಣ್ಣ, ಮತ್ತ ಹುಳಕ್ಕ ಮಾವಿನ ಕಟ್ಟಿಗಿ ಅಂದ್ರ ಪ್ರಾಣ. ಸಾಗವಾನಿ ಆದ್ರ ಹಿಂದ ಒಂದು ಚೂರು ಕೆರದು ಮೂಸಿ ನೋಡು, ಚರ್ಮದಂಥ ಜಿಡ್ಡ ವಾಸನಿ ಬರ್ತದ.

ಇನ್ನ ಮ್ಯಾಲಿನ ಹೊಳಪು. ಹತ್ತಿ ತುಂಡಿಗಿ ಪಾಲಿಶ್ ಸ್ಪಿರಿಟ್ ಹಾಕಿ ಹಿಂಬದಿ ಒಂದು ಮೂಲ್ಯಾಗ ಸ್ವಲ್ಪ ಹೊತ್ತು ಒತ್ತಿ ಹಿಡಿ. ಜಿಗಿ ಜಿಗಿ ಆಗಿ ಹತ್ತಿಗಿ ಹತ್ತಿದ್ರ ಅದು ಅರಗಿನ ಪಾಲಿಶ್. ಬಿಸಿ ಪಾತ್ರಿ ಇಟ್ರ ಬಿಳಿ ಉಂಗುರ ಬೀಳ್ತದ. ಏನೂ ಆಗ್ಲಿಲ್ಲ ಅಂದ್ರ ಮೆಲಮೈನ್ ಅಥವಾ ಪಿಯು (ಪಾಲಿಯುರೆಥೇನ್) ಪಾಲಿಶ್, ಗಟ್ಟಿ. ಇಷ್ಟು ಮಾಡಿ ಹೇಳು, ಆಮ್ಯಾಲೆ ಮುಂದಿನ ಮಾತು.

ಶಹಾಬಾದ_ಪರ್ಸಿ · ರವಿವಾರ ಬೆಳಿಗ್ಗೆ 7:15

ಅಕ್ಕಾ, ಆ ಮಡಚೂ ಸ್ಟ್ಯಾಂಡ್ ರೆಹಾಲ್ ಇರಬೇಕು. ಕುರಾನ್ ಇಟ್ಟು ಓದೂದು. ನಮ್ಮ ಕಡಿ ಮನಿಮನ್ಯಾಗ ಇರ್ತದ. ಅದರ ಮ್ಯಾಗ ಅರಬ್ಬಿ ಅಕ್ಷರ ಕೆತ್ತಿದ್ರ ದಯಮಾಡಿ ಬ್ಯಾರೆ ಕೆಲಸಕ್ಕ ಹಚ್ಚಬ್ಯಾಡ್ರಿ. ಹತ್ರದ ಮಸೀದಿಗಿ ಕೊಟ್ರ ಖುಷಿಲಿ ಇಟ್ಕೋತಾರ. ಬರೇ ಎಲಿ ಬಳ್ಳಿ ಇದ್ರ ಅದು ಪುಸ್ತಕದ ಸ್ಟ್ಯಾಂಡ್ ಅಷ್ಟೇ, ನಿಮ್ಮಿಷ್ಟ.

ಇನ್ನೊಂದು. ಅದನ್ನ ಬಿಚ್ಚಲಿಕ್ಕ ಹೋಗಬ್ಯಾಡ್ರಿ. ಬಿಚ್ಚೂದಿಲ್ಲ ಅದು. ಒಂದೇ ಹಲಗಿ, ಕಬ್ಜಾನೂ (ತಿರಗೂ ಕೀಲು) ಇಲ್ಲ, ಮೊಳಿನೂ ಇಲ್ಲ. ದಪ್ಪ ಹಲಗಿಯನ್ನ ಎರಡೂ ತುದಿಯಿಂದ ನಡುವಿನ ತನಕ ಸೀಳ್ತಾರ, ನಡುವ ಬೆರಳಿಗಿ ಬೆರಳು ಹೆಣದಂಗ ಹಲ್ಲು ಕಡದು ಬಿಡಿಸ್ತಾರ. ಸಣ್ಣವಿದ್ದಾಗ ನಾ ಒಂದನ್ನ ಬಿಚ್ಚಿ ನೋಡ್ತೀನಿ ಅಂತ ಎಳದು ಮುರದು ದಾದಿ (ಅಜ್ಜಿ) ಕೈಲಿ ಏಟು ತಿಂದೀನಿ.

ಜೋಳದ_ತೆನಿ · ಬೆಳಿಗ್ಗೆ 7:40

ನಮ್ಮಲ್ಲಿ ಅದಕ್ಕ ವ್ಯಾಸಪೀಠ ಅಂತಾರ. ಪುರಾಣ ಹಚ್ಚಿದಾಗ ಸ್ವಾಮಿಗಳ ಮುಂದ ಇರ್ತದಲ್ಲ, ಅದೇ. ಹೆಸರು ಎರಡು, ಕೆತ್ತೂ ರೀತಿ ಒಂದೇ.

ರೊಟ್ಟಿಬುಟ್ಟಿ · ಮಧ್ಯಾಹ್ನ 1:20

ಕಾಕಾ, ಬೋರಲ ಹಾಕಿ ನೋಡ್ದೆ. ನೀವು ಅಂದಂಗ ಕೀಲಿಕೈ ಮನಿ ಬಿಸ್ಕೀಟ್ ಆಯ್ತು. ಮ್ಯಾಗ ಕಟ್ಟಿಗಿ ಚಿತ್ರದ ಕಾಗದ ಹಚ್ಯಾರ, ಉಗುರಿಗಿ ಬಂತು. ಝರೋಕಾ, ತಾಟು ಭಾರ ಅವ, ಕರಿ ಗೆರಿ ಅದ, ಶೀಸಂ ಅಂತ ತಿಳೀತು. ಬೋಗುಣಿ ಮಾವಿಂದಿರಬೇಕು. ಸ್ಪಿರಿಟ್ ಹಚ್ಚಿದ್ರ ಬೋಗುಣಿ ಹತ್ತಿಗಿ ಹತ್ತಿತು, ಉಳಿದವು ಇಲ್ಲ. ಸ್ಟ್ಯಾಂಡಿನ್ಯಾಗ ಬರೇ ಎಲಿ ಅವ ಅಣ್ಣಾ, ಅಕ್ಷರ ಇಲ್ಲ. ಅದರ ಮ್ಯಾಗ ನಮ್ಮ ಅತ್ತಿಯವರು ಈಗಾಗ್ಲೇ ಬಸವಣ್ಣನ ವಚನದ ಪುಸ್ತಕ ಇಟ್ಟು ಓದ್ಲಿಕತ್ಯಾರ. ಹತ್ತು ವರ್ಷದಿಂದ ತೊಡಿ ಮ್ಯಾಗ ದಿಂಬು ಇಟ್ಕೊಂಡು ಓದ್ತಿದ್ರು. ಅದೊಂದು ತೀರಿತು.

ಸೊಂಡಿ ಇಲ್ಲದ ಆನಿ ಕೆಳಗ ಗುಂಡುಸೂಜಿ ತಲಿ ಅಷ್ಟು ತೂತು ಅವ. ಟೇಬಲ್ ಮ್ಯಾಗ ಮೈದಾ ಹಿಟ್ಟಿನಂಗ ಪುಡಿ ಬಿದ್ದದ. ಒರಲಿ ಏನು?

ಬಡಿಗೇರ_ಕಾಕಾ · ಮಧ್ಯಾಹ್ನ 2:05

ಒರಲಿ ಅಲ್ಲವ್ವ. ಒರಲಿ ಮಣ್ಣಿನ ದಾರಿ ಕಟ್ಕೊಂಡು ಬರ್ತದ. ಇದು ಕಟ್ಟಿಗಿ ಕೊರಿಯೂ ಹುಳ. ಒಳಗೇ ಹುಟ್ಟಿ, ಒಳಗೇ ತಿಂದು, ದೊಡ್ಡದಾದ ಮ್ಯಾಲೆ ತೂತು ಹಾಕಿ ಹೊರಗ ಬರ್ತದ. ಅಂದ್ರ ನಿನಗ ತೂತು ಕಾಣೂ ಹೊತ್ತಿಗಿ ಅದರ ಊಟ ಮುಗದಿರ್ತದ. ಆದ್ರ ಹಿಂದಿನ ಮರಿ ಒಳಗ ಇರಬಹುದು. ಮೊದ್ಲ ಆ ಆನಿಯನ್ನ ಬ್ಯಾರೆ ಇಡು, ಪ್ಲಾಸ್ಟಿಕ್ ಚೀಲದಾಗ ಕಟ್ಟಿ.

ಮಂದಿ ಸೀಮಿಎಣ್ಣಿ ಪಿಚಕಾರಿ ಹೊಡಿತಾರ. ಅಡಗಿ ಮನಿ ಹತ್ರ ಇಡೂ ಸಾಮಾನಿಗಿ ನಾ ಬ್ಯಾಡ ಅಂತೀನಿ. ನಮ್ಮೂರ ಬಿಸಿಲು ಪುಕ್ಕಟಿ ಅದ. ಹೊರದೇಶಕ್ಕ ಹೋಗೂ ಕಟ್ಟಿಗಿ ಪೆಟ್ಟಿಗಿಗೆ ಒಂದು ನಿಯಮ ಅದ, ಕಟ್ಟಿಗಿ ನಡುವಿನ ತನಕ 56 ಡಿಗ್ರಿ, 30 ನಿಮಿಷ. ಹಂಗ ಕಾಸಿದ ಪೆಟ್ಟಿಗಿ ಮ್ಯಾಗ ಎಚ್‌ಟಿ ಅಂತ ಠಸ್ಸೆ ಇರ್ತದ. ಎಂಬಿ ಅಂತಿದ್ರ ವಿಷದ ಗಾಳಿ ಕೊಟ್ಟಿದ್ದು, ಅಂಥ ಪೆಟ್ಟಿಗಿ ಹಲಗಿ ಮನಿಗೆ ತರಬ್ಯಾಡ್ರಿ. ಈಗ ಹೊರಗ 42-43 ನಡದದ. ಕರಿ ಪ್ಲಾಸ್ಟಿಕ್ಕಿನಾಗ ಬಿಗಿ ಕಟ್ಟಿ ಮಾಳಿಗಿ ಪರ್ಸಿ (ಕಲ್ಲಿನ ಹಾಸು) ಮ್ಯಾಗ ಇಟ್ರ ಒಳಗ ಭಾಳ ಏರ್ತದ. ಸಣ್ಣ ಆನಿ, ನಾಕು ದಿನ ಹೊಳ್ಳಿಸಿ ಹೊಳ್ಳಿಸಿ ಇಡು. ಆನಿ ಅಷ್ಟೇ. ಬ್ಯಾರೆ ಏನೂ ಇಡಬ್ಯಾಡ.

ಬೀದರ್_ಓಣಿ · ಮಧ್ಯಾಹ್ನ 3:30

ನಾ ಬೀದರದಿಂದ. ದುಂಡನ್ನ ತಾಟಿಗಿ ಒಂದು ಮಾತು ಹೇಳ್ತೀನಿ. ನಾ ಹಂಥಾದ್ದೇ ಒಂದಕ್ಕ ಗಡಿಯಾರ ಮಾಡೀನಿ. ಗಡಿಯಾರ ರಿಪೇರಿ ಅಂಗಡ್ಯಾಗ ಬರೇ ಮಷಿನ್ ಸಿಗ್ತದ, ಮುಳ್ಳು ಸಮೇತ. ಕೊಳ್ಳುವಾಗ ನೋಡೂದು ಒಂದೇ, ನಡುವಿನ ಕೊಳವಿ ಉದ್ದ. ನಿಮ್ಮ ತಾಟಿನ ದಪ್ಪಕ್ಕಿಂತ ಅದು ಉದ್ದ ಇರಬೇಕು, ಇಲ್ಲಂದ್ರ ಮುಂದಿನ ನಟ್ ಕೂಡಲ್ಲ. ನಾ ಇದು ತಿಳೀದೆ ಗಿಡ್ಡ ಕೊಳವಿ ತಂದು, ಆಮ್ಯಾಲೆ ಹಿಂದಿನಿಂದ ಉಳಿ ಹಚ್ಚಿ ತಾಟು ಕೊರದು ಕೊರದು ಒಂದು ರವಿವಾರ ಪೂರಾ ಹಾಳ ಮಾಡ್ಕೊಂಡೆ. ತೂತು ಸಾಮಾನ್ಯ 8 ಮಿಲಿಮೀಟರ್.

ಇನ್ನೊಂದು, ಮುಳ್ಳು ತಿರಗೂ ಜಾಗದಾಗ ಕೆತ್ತನಿ ಉಬ್ಬಿ ಬಂದಿದ್ರ ನಿಮಿಷದ ಮುಳ್ಳು ಅಲ್ಲೇ ಸಿಕ್ಕೊಂಡು ನಿಲ್ತದ. ನಿಮ್ಮದು ಹಿತ್ತಾಳಿ ಕೂಡಿಸಿದ್ದು ಅಂದ್ರಲ್ಲ, ಸಪಾಟ ಇರ್ತದ, ಚಿಂತಿ ಇಲ್ಲ. ಹಿತ್ತಾಳಿ ತಂತಿ ಮ್ಯಾಗೆದ್ದಿದ್ರ ಎಳೀಬ್ಯಾಡ್ರಿ, ಸಣ್ಣ ಸುತ್ತಿಗಿಲಿ ಮೆಲ್ಲಗ ತಟ್ಟಿ ಕೂಡಿಸ್ರಿ.

ಕೂಡಿಸೂ ಕೆಲಸ ಅಂದ್ರ ನಮ್ಮೂರ ಮಂದಿಗಿ ಕೈ ತುರಸ್ತದ. ಬಿದರಿ ಕಸಬಿನ್ಯಾಗ ಸತು ತಾಮ್ರದ ಎರಕದ ಮ್ಯಾಗ ಬೆಳ್ಳಿ ತಂತಿ ಕೂಡಿಸಿ, ಕೋಟಿ (ಕಿಲ್ಲಾ) ಮಣ್ಣು ಹಚ್ಚಿ ಕಪ್ಪು ಮಾಡ್ತಾರ. ಕೋಟಿ ಒಳಗ ರಂಗೀನ್ ಮಹಲಿಗಿ ಹೋದ್ರ ಕಟ್ಟಿಗಿ ಕಂಬದ ಕೆತ್ತನಿ ನೋಡ್ರಿ, ಕರಿ ಕಲ್ಲಿನಾಗ ಮುತ್ತಿನ ಚಿಪ್ಪು ಕೂಡಿಸಿದ್ದೂ ಅಲ್ಲೇ ಅದ. ಯಾವಾಗರೆ ಬರ್ರಿ, ನಾ ತೋರಸ್ತೀನಿ. ಮಾತು ಎಲ್ಲೋ ಹೋಯ್ತು, ಮಾಫ್ ಮಾಡ್ರಿ.

ಸಿಲ್ಕ್‌ಬೋರ್ಡ್_ಕಲಬುರ್ಗಿಯವ · ಸಂಜೆ 6:12

ಬೆಂಗಳೂರಲ್ಲಿ ಇದಕ್ಕೆ 'ಅಪ್‌ಸೈಕಲ್' ಅಂತ ಹೆಸರಿಟ್ಟು, ನೀವು 600ಕ್ಕೆ ತಂದ ಚೀಲದಲ್ಲಿನ ಒಂದೊಂದು ಸಾಮಾನನ್ನೂ ಸಾವಿರಗಟ್ಟಲೆಗೆ ಮಾರ್ತಾರೆ. ನನ್ನ ಸಲಹೆ: ಝರೋಕಾ ಮತ್ತು ತಾಟಿನ ಮೇಲೆ ರೆಸಿನ್ (ಒಣಗಿ ಗಾಜಿನಂತಾಗುವ ಅಂಟು ದ್ರವ) ಸುರಿದು ಮಟ್ಟ ಮಾಡಿ ಟ್ರೇ ಮಾಡಿ. ಕೆತ್ತನೆ ಗಾಜಿನ ಕೆಳಗೆ ಇದ್ದ ಹಾಗೆ ಕಾಣುತ್ತೆ. ಮಾಸ್ತರರ ಧೂಳಿನ ಸಮಸ್ಯೆಯೂ ಹೋಯ್ತು.

ಬಡಿಗೇರ_ಕಾಕಾ · ಸಂಜೆ 6:50

ತಮ್ಮಾ, ಬೆಂಗಳೂರಿನ ಹವಾಕ್ಕ ಅದು ಸರಿ ಇರಬಹುದು. ಇಲ್ಲಿ ಮೇ ತಿಂಗಳದಾಗ ಕಟ್ಟಿಗಿ ಒಣಗಿ ಅಗಲದಾಗ ಕುಗ್ತದ, ಮಳಿಗಾಲದಾಗ ಮತ್ತ ಹಿಗ್ತದ. ಉದ್ದದಾಗ ಹೆಚ್ಚುಕಮ್ಮಿ ಏನೂ ಆಗಲ್ಲ, ಅಗಲದಾಗೇ ಎಲ್ಲಾ ಆಟ. ಮ್ಯಾಗ ಗಾಜಿನಂಥ ಗಡ್ಡಿ ಕೂಡಿಸಿ ಕಟ್ಟಿ ಹಾಕಿದ್ರ ಒಂದು ದಿನ ಎಲ್ಲೋ ಬಿಟ್ಟು ಏಳ್ತದ. ಮತ್ತ ಬಿಸಿ ಪಾತ್ರಿ ಇಟ್ರ ಸಾಮಾನ್ಯ ರೆಸಿನ್ ಮೆತ್ತಗ ಆಗಿ ಕಲಿ ಬೀಳ್ತದ. ಶೀಸಂ ಕೆತ್ತನಿ ಮುಚ್ಚೂದಂದ್ರ ನನಗಂತೂ ಹೊಟ್ಟಿ ಉರಿತದ, ಅದು ನನ್ನ ಸ್ವಭಾವ.

ಝರೋಕಾಕ್ಕ ಕನ್ನಡಿನೇ ಹಾಕವ್ವ. ಹೊಸಾ ಗ್ವಾಡಿ ಮೊಳಿ ಬ್ಯಾಡಂದ್ರ ಕಿಡಕಿ ಸರಳಿಗಿ ದಪ್ಪ ತಂತಿಲಿ ಕಟ್ಟು. ಕನ್ನಡಿಯನ್ನ ಚೌಕಟ್ಟಿನ ತೂತಿಗಿ ಬಿಗಿ ಕೊಯ್ಯಿಸಬ್ಯಾಡ, ಸುತ್ತ ಎರಡು ಮಿಲಿಮೀಟರ್ ಖಾಲಿ ಇರಲಿ. ಅಂಟು ಹಚ್ಚಬ್ಯಾಡ, ಹಿಂದಿನಿಂದ ಸಣ್ಣ ತಗಡಿನ ಪಟ್ಟಿ ಸ್ಕ್ರೂ ಹಾಕಿ ಹಿಡಸು. ಕಟ್ಟಿಗಿ ಕುಗ್ಗಿದ್ರೂ ಕನ್ನಡಿ ಸೀಳಲ್ಲ.

ಯಾದಗಿರಿ_ಸಿಸ್ಟರ್ · ರಾತ್ರಿ 8:05

ಆನಿ ಬಣ್ಣದ ಬಗ್ಗಿ ಯಾರೂ ಮಾತಾಡ್ಲಿಲ್ಲ. ಮನ್ಯಾಗ ಸಣ್ಣ ಮಕ್ಕಳು ಅವ ಏನ್ರಿ?

ನಮ್ಮ ದೇಶದಾಗ ಮನಿಗಿ ಹಚ್ಚೂ ಪೇಂಟಿನಾಗ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕ 90 ಭಾಗ) ದಾಟಬಾರದು ಅಂತ ನಿಯಮ ಬಂದದ್ದು 2016ರಾಗ, ಜಾರಿಗಿ ಬಂದದ್ದು 2017ರ ನವೆಂಬರ್‌ದಾಗ. ಅದಕ್ಕಿಂತ ಹಳಿ ಕೆಂಪು, ಹಳದಿ ಪೇಂಟ್ ಅಂದ್ರ ಅನುಮಾನ ಇಟ್ಕೊಳ್ಳೂದೇ ಛಲೋ. ಹಳದಿಗಿ, ಕೆಂಪಿಗಿ ಸೀಸದ ಬಣ್ಣ ಭಾಳ ಹಾಕ್ತಿದ್ರು. ಒಣಾ ಪಾಲಿಶ್ ಪೇಪರ್ ಹಚ್ಚಿ ತಿಕ್ಕಿದ್ರ ಆ ಪುಡಿ ಗಾಳ್ಯಾಗ ಸೇರಿ, ಪರ್ಸಿ ಮ್ಯಾಗ ಕೂತು, ಅಂಬೆಗಾಲು ಇಡೂ ಕೂಸಿನ ಕೈಯಿಂದ ಬಾಯಿಗಿ ಹೋಗ್ತದ. ಸೀಸ ಮಕ್ಕಳ ಮಿದುಳಿಗಿ ಕೆಟ್ಟದ್ದು, ಸ್ವಲ್ಪ ಆದ್ರೂ.

ಚನ್ನಪಟ್ಟಣದ ಗೊಂಬಿ ಬ್ಯಾರೆ ಮಾತು. ಅಲ್ಲಿ ಕಟ್ಟಿಗಿ ತಿರಗೂವಾಗ ಅರಗಿನ ಕಡ್ಡಿ ಒತ್ತಿ ಹಿಡದು ಆ ಬಿಸಿಗೇ ಬಣ್ಣ ಹತ್ತಸ್ತಾರ. ನಿಮ್ಮ ಆನಿದು ಬ್ರಷ್‌ಲಿ ಹಚ್ಚಿದ ಪೇಂಟ್ ಇದ್ದಂಗ ಅನಸ್ತದ.

ರೊಟ್ಟಿಬುಟ್ಟಿ · ರಾತ್ರಿ 8:30

ನಾಕು ವರ್ಷದ ಮಗ ಅದಾನ ಅಕ್ಕಾ. ಛಲೋ ಆಯ್ತು ಹೇಳಿದ್ರಿ, ನಾಳಿ ತಿಕ್ಕೂದಿತ್ತು. ಹಂಗಾರ ಆನಿ ಬಿಸಾಕ್ಲೇನು?

ಯಾದಗಿರಿ_ಸಿಸ್ಟರ್ · ರಾತ್ರಿ 8:41

ಬಣ್ಣ ಉದುರದೆ ಗಟ್ಟಿ ಇದ್ರ ತಿಕ್ಕಬ್ಯಾಡ್ರಿ. ಒದ್ದಿ ಅರಬಿಲಿ ಒರಸಿ, ಮ್ಯಾಗ ಎರಡು ಕೋಟ್ ವಾರ್ನಿಶ್ ಹಚ್ಚಿ, ಮಗನ ಕೈಗಿ ಸಿಗಲಾರದಷ್ಟು ಎತ್ತರಕ್ಕ ಇಡ್ರಿ. ಪದರ ಏಳ್ಲಿಕತ್ತಿದ್ರ ಮನಿಗೇ ಬ್ಯಾಡ.

ಶಹಾಬಾದ_ಪರ್ಸಿ · ರಾತ್ರಿ 9:10

ಎತ್ತರಕ್ಕ ಅಂದ್ರ ಪುಸ್ತಕದ ಕಪಾಟು. ಆನಿಗಳನ್ನ ಪುಸ್ತಕಕ್ಕ ಆನಿಕಿ ಮಾಡ್ರಿ. (ಆನಿಗಿ ಆನಿಕಿ, ನೋಡ್ರಿ ಹೆಂಗ ಬಂತು.)

ಬರೇ ಆನಿ ಇಟ್ರ ಪುಸ್ತಕ ಅದನ್ನೂ ದಬ್ಕೊಂಡು ಬೀಳ್ತಾವ. ಕಟ್ಟಿಗಿ ಆನಿಗಿ ಅಷ್ಟು ತೂಕ ಇರಲ್ಲ. ನಮ್ಮೂರ ಕಲ್ಲು ಹಚ್ಚಿರಿ. ಪರ್ಸಿ ಕೊಯ್ಯೂ ಜಾಗದಾಗ ಅಂಚಿನ ತುಂಡು ರಾಶಿ ಬಿದ್ದಿರ್ತಾವ. ತೆಳ್ಳನ್ನ ತುಂಡು, ಒಂದು ಗೇಣು ಉದ್ದ, ಆರು ಇಂಚು ಅಗಲ. ಶಹಾಬಾದ ಕಲ್ಲು ಪದರ ಪದರ ಇರೂದ್ರಿಂದ ತೆಳ್ಳಗ ಸಿಗೂದು ಕಷ್ಟ ಇಲ್ಲ. ಅದರ ಒಂದು ತುದಿಗಿ ಆನಿ ಅಂಟಿಸ್ರಿ, ಎರಡು ಟ್ಯೂಬ್ ಕಲಸೂ ಎಪಾಕ್ಸಿ ಅಂಟು. ಉಳಿದ ಕಲ್ಲು ಪುಸ್ತಕದ ಅಡಿಗಿ ಹೋಗಬೇಕು. ಆವಾಗ ಪುಸ್ತಕದ ತೂಕವೇ ಕಲ್ಲನ್ನ ಒತ್ತಿ ಹಿಡಿತದ, ಆನಿ ಅಲುಗೂದಿಲ್ಲ. ಆನಿ ಭಾರ ಇರಬೇಕಂತಿಲ್ಲ. ಕಲ್ಲಿನ ಕೆಳಗ ಹಳಿ ಕಂಬಳಿ ತುಂಡು ಹಚ್ರಿ, ಕಪಾಟು ಗೀರಲ್ಲ.

ಬಿಸಿಲೂರ_ಮಾಸ್ತರ · ರಾತ್ರಿ 9:25

ಇದು ಬರೋಬ್ಬರಿ ಅದ. ನನ್ನ ನಿಘಂಟುಗಳು ದಿನಾ ಬೀಳ್ತಾವ. ಆದ್ರ ಆನಿ ಇಲ್ಲದೇನೂ ನಡಿತದಲ್ಲ? ಬರೇ ಎರಡು ಪರ್ಸಿ ತುಂಡು ಎಲ್ ಆಕಾರಕ್ಕ ಅಂಟಿಸಿದ್ರ ಮುಗೀತು.

ಶಹಾಬಾದ_ಪರ್ಸಿ · ರಾತ್ರಿ 9:27

ನಡಿತದ ಮಾಸ್ತರ. ಆದ್ರ ಅಕ್ಕನ ಕಡಿ ಆನಿ ಅವ.

ಗಾಣದ_ಎಣ್ಣಿ · ಸೇಡಂ · ಸೋಮವಾರ ಬೆಳಿಗ್ಗೆ 6:20

ಬೋಗುಣಿ ಬಗ್ಗಿ ನಾ ಹೇಳ್ತೀನಿ, ಎಣ್ಣಿ ನನ್ನ ಧಂದಾ.

ಅರಗಿನ ಪಾಲಿಶ್ ಅಂದ್ರಲ್ಲ. ಒಣಾ ಹಣ್ಣು, ಉಳ್ಳಾಗಡ್ಡಿ, ಬಳ್ಳೊಳ್ಳಿ ಇಡೂದಿದ್ರ ಹಂಗೇ ಬಿಡ್ರಿ. ಕೊಣಮಿಗಿ (ಹಿಟ್ಟು ನಾದೂ ಕಟ್ಟಿಗಿ ಪರಾತ) ಹಂಗ ಅದರಾಗ ಹಿಟ್ಟು ನಾದ್ತೀನಿ ಅಂದ್ರ ಮಾತ್ರ ಒಳಗಿನ ಪಾಲಿಶ್ ತೆಗದು ಎಣ್ಣಿ ಕುಡಸಬೇಕು. ಸ್ಪಿರಿಟ್ಟಿಗೇ ಬರ್ತದ, ಆಮ್ಯಾಲೆ 120, 220 ನಂಬರ್ ಪೇಪರ್.

ಎಣ್ಣಿ ಯಾವುದು ಅಂದ್ರ ಮನ್ಯಾಗ ಇದ್ದ ಶೇಂಗಾ ಎಣ್ಣಿ ಹಚ್ಚಬ್ಯಾಡ್ರಿ. ಶೇಂಗಾ ಎಣ್ಣಿ ಒಣಗಲ್ಲ. ವಾರ ಬಿಟ್ಟು ಅಂಟ ಅಂಟ, ತಿಂಗಳು ಬಿಟ್ಟು ಕಮಟು ವಾಸನಿ. ಅಗಸಿ ಎಣ್ಣಿ ಹಂಗಲ್ಲ, ಅದು ಗಾಳಿ ಕೂಡ ಸೇರಿ ಗಟ್ಟಿ ಪದರ ಆಗ್ತದ, ಅದಕ್ಕೇ ಪೇಂಟಿನಾಗ ಹಾಕ್ತಿದ್ರು. ಕುಸುಬಿ ಎಣ್ಣಿನೂ ಒಣಗ್ತದ, ನಿಧಾನ. ನಮ್ಮ ಹಿಂಗಾರಿ ಹೊಲದಾಗ ಎರಡೂ ಬೆಳಿತಾವ, ಬ್ಯಾರೆ ಕಡಿ ಹುಡುಕೂದು ಬ್ಯಾಡ. ಗಾಣದ್ದು ತಗೋರಿ. ಹಾರ್ಡ್‌ವೇರ್ ಅಂಗಡ್ಯಾಗ ಡಬ್ಬಿದಾಗ ಬರೂ 'ಡಬಲ್ ಬಾಯಿಲ್ಡ್' ಅಗಸಿ ಎಣ್ಣಿ ಲಗೂ ಒಣಗಲಿ ಅಂತ ಲೋಹದ ಉಪ್ಪು ಸೇರಿಸಿರ್ತಾರ, ಅದು ಬಾಗಿಲಿಗಿ ಸರಿ, ಉಣ್ಣೂ ಸಾಮಾನಿಗಿ ಅಲ್ಲ.

ತೆಳ್ಳಗ ಹಚ್ಚಿ, ಕಾಲು ತಾಸು ಬಿಟ್ಟು ಉಳಿದದ್ದು ಒರಸಿ ತೆಗೀರಿ. ಮೂರು ನಾಕು ದಿನ ಬಿಟ್ಟು ಮತ್ತ. ಹಿಂಗ ನಾಕು ಸಲ. ಬೇಕಂದ್ರ ಕಡಿಗಿ ಜೇನುಮೇಣ, ಒಂದು ಭಾಗ ಮೇಣಕ್ಕ ನಾಕು ಭಾಗ ಎಣ್ಣಿ, ಬಿಸಿ ನೀರಿನ ಪಾತ್ರ್ಯಾಗ ಇಟ್ಟು ಕರಗಿಸಿ.

ಈಗ ಮುಖ್ಯ ಮಾತು. ಎಣ್ಣಿ ಒರಸಿದ ಅರಬಿ ಉಂಡಿ ಮಾಡಿ ಮೂಲ್ಯಾಗ ಒಗಿಬ್ಯಾಡ್ರಿ. ಹೋದ ವರ್ಷ ಏಪ್ರಿಲ್‌ದಾಗ ನಾ ಒಂದು ಹಳಿ ಬಾಗಿಲಿಗಿ ಅಗಸಿ ಎಣ್ಣಿ ಹಚ್ಚಿ, ಬನಿಯನ್ ತುಂಡು ಮುದ್ದಿ ಮಾಡಿ ಪ್ಲಾಸ್ಟಿಕ್ ಬಕೆಟ್‌ದಾಗ ಹಾಕಿ ಊಟಕ್ಕ ಹೋದೆ. ಹೊಳ್ಳಿ ಬಂದ್ರ ಹೊಗಿ. ಬಕೆಟ್ ತಳ ಕರಗಿ ಪರ್ಸಿಗಿ ಹತ್ತಿತ್ತು. ಬೆಂಕಿ ಪೊಟ್ಟಣ ಯಾರೂ ಮುಟ್ಟಿಲ್ಲ, ಬೀಡಿ ಯಾರೂ ಸೇದಲ್ಲ. ಆ ಎಣ್ಣಿ ಒಣಗುವಾಗ ತಾನೇ ಬಿಸಿ ಆಗ್ತದ. ಹಾಸಿದ್ರ ಬಿಸಿ ಹಾರಿ ಹೋಗ್ತದ, ಮುದ್ದಿ ಮಾಡಿದ್ರ ಒಳಗೇ ಕೂತು ಕಡಿಗಿ ಹೊತ್ಕೋತದ. ಅರಬಿಯನ್ನ ಹೊರಗ ಕಲ್ಲಿನ ಮ್ಯಾಗ ಹರವಿ ಒಣಗಸ್ರಿ, ಇಲ್ಲ ನೀರಿನ್ಯಾಗ ಮುಳಗಿಸಿ ಇಡ್ರಿ. ಕಾಕಾ, ನೀವು ನೋಡಿರಬೇಕು ಇದು?

ಬಡಿಗೇರ_ಕಾಕಾ · ಬೆಳಿಗ್ಗೆ 8:00

ನೋಡೀನಿ. ಒಮ್ಮಿ ಕೆಲಸದ ಜಾಗದಾಗ ರಂದಾ ಹೊಟ್ಟಿನ ರಾಶಿ ಮ್ಯಾಗೇ ಒಗದಿದ್ರು ಒಬ್ಬರು. ದೇವರು ದೊಡ್ಡವ, ಹಗಲಿತ್ತು.

ಸುರಪುರದ_ವಾಡೆ · ಮಧ್ಯಾಹ್ನ 12:45

ಶೋ ಸಾಮಾನಿನ ಮಾತು ನಡದದ, ನಾ ಸ್ವಲ್ಪ ಬ್ಯಾರೆ ದಾರಿ ಹಿಡಿತೀನಿ. ನಮ್ಮ ಕಡಿ ಮಾಳಿಗಿ ಮನಿ, ವಾಡೆ ಕೆಡವಿದಾಗ ತೊಲಿ, ಜಂತಿ, ಬೋದಿಗಿ ಎಲ್ಲಾ ಲಾರಿಗಟ್ಟಲೆ ಹೋಗ್ತಾವ. ಕಂಬದ ತಲಿ ಮ್ಯಾಲಿನ ಬೋದಿಗಿ, ಅದರ ಹೂವಿನ ಕೆತ್ತನಿ, ನಮ್ಮಜ್ಜನ ಮನಿದು ಒಂದೇ ಉಳದದ. ಅದನ್ನ ಬೋರಲ ಮಾಡಿ ಬಚ್ಚಲ ಬಾಗಿಲ ಮುಂದ ಇಟ್ಟೀವಿ, ಚಪ್ಪಲ ಹಾಕ್ಕೊಳ್ಳುವಾಗ ಅವ್ವ ಅದರ ಮ್ಯಾಗ ಕೂಡ್ತಾಳ. ಮೊಣಕಾಲು ನೋವಿನವರಿಗಿ ಎತ್ತರ ಸರಿ ಹೊಂದ್ಯದ. ಕೂರಿಗಿ ಬಟ್ಟಲದಾಗ ಕೀಲಿಕೈ ಹಾಕ್ತೀವಿ. ಅಜ್ಜ ಜೋಳ ಬಿತ್ತಿದ ಬಟ್ಟಲ ಅದು, ನನಗ ಅದರಾಗ ಕೈ ಹಾಕಿದಾಗೆಲ್ಲಾ ಒಂಥರಾ ಆಗ್ತದ.

ಹಳಿ ಕಟ್ಟಿಗಿಗಿ ಡ್ರಿಲ್ ಹಚ್ಚೂ ಮೊದ್ಲ ಅಯಸ್ಕಾಂತ ಹಿಡದು ಆಡಸ್ರಿ. ಒಳಗ ಮುರಿದ ಮೊಳಿ ಇರ್ತಾವ. ಎರಡು ಬಿಟ್ ಕಳಕೊಂಡ ಮ್ಯಾಲೆ ಬಂದ ಬುದ್ಧಿ ಇದು.

ರೊಟ್ಟಿಬುಟ್ಟಿ · ಹತ್ತು ದಿನದ ನಂತರ

ಬಂದೆ. ಬೈಯಬ್ಯಾಡ್ರಿ ಕಾಕಾ.

ಕನ್ನಡಿ ಆಯ್ತು. ನೀವು ಹೇಳಿದಂಗ ಎರಡು ಮಿಲಿಮೀಟರ್ ಬಿಟ್ಟು ಕೊಯ್ಯಿಸಿ, ತಗಡಿನ ಪಟ್ಟಿ ಹಾಕಿ, ಹಿತ್ತಲ ಕಿಡಕಿಗಿ ಕಟ್ಟೀನಿ. ಭಂಗಾರ ಅಂದವರೇ ದಿನಾ ಅದರಾಗ ನೋಡಿ ದಾಡಿ ಮಾಡ್ಕೊಳ್ಲಿಕತ್ಯಾರ. ಗಡಿಯಾರನೂ ಆಯ್ತು, ಉದ್ದ ಕೊಳವಿದೇ ಕೇಳಿ ತಂದೆ, ಹಳಿ ಮೊಳಿಗಿ ತೂಗು ಹಾಕೀನಿ. ಅಂಕಿ ಇಲ್ಲದಕ್ಕ ಅತ್ತಿಯವರು ಟೈಮ್ ಕೇಳೂದು ನನ್ನನ್ನೇ. ಕೀಲಿಕೈ ಮನಿ ನೀರು ತಾಗಿ ಉಬ್ಬಿತು, ಒಗದೆ.

ಆನಿ ಎರಡೂ ಪರ್ಸಿ ಮ್ಯಾಗ ನಿಂತಾವ. ಸೊಂಡಿ ಇಲ್ಲದ್ದು ಗ್ವಾಡಿ ಕಡಿ ಮುಖ ಮಾಡ್ಯದ. ಪುಡಿ ಬೀಳೂದು ನಿಂತದ, ಕೆಳಗ ಕರಿ ಕಾಗದ ಹಾಕಿ ನೋಡ್ಲಿಕತ್ತೀನಿ.

ಈಗ ತಪ್ಪು. ಆನಿ ಜೊತಿ ಬೋಗುಣಿನೂ ಕರಿ ಚೀಲದಾಗ ಹಾಕಿ ಮಾಳಿಗಿ ಮ್ಯಾಗ ಇಟ್ಟೆ. ಅದೂ ಮಾವಿಂದೇ ಅಲ್ಲೇನು, ಹುಳ ಇದ್ರ ಅದರದ್ದೂ ಹೋಗಲಿ ಅಂತ. ಒಳಗಿನ ಪಾಲಿಶ್ ಆಗ್ಲೇ ತೆಗದಿದ್ದೆ, ಎಣ್ಣಿ ಇನ್ನೂ ಹಚ್ಚಿರ್ಲಿಲ್ಲ. ಮೂರನೇ ದಿನ ಟಪ್ ಅಂತ ಸಪ್ಪಳ ಆಯ್ತು. ಅಂಚಿನಿಂದ ತಳದ ಕಡಿ ಒಂದು ಬಿರುಕು, ನಾಕು ಇಂಚು ಉದ್ದ, ಹತ್ತು ರೂಪಾಯಿ ನಾಣ್ಯದ ಅಂಚು ಹೋಗ್ತದ. ಫೆವಿಕಾಲ್ ಮತ್ತ ಕಟ್ಟಿಗಿ ಹೊಟ್ಟು ಕಲಸಿ ತುಂಬಲೇನು?

ಬಡಿಗೇರ_ಕಾಕಾ · ಅದೇ ದಿನ ಸಂಜೆ

ಬೈಯಲ್ಲ. ಆದ್ರ 'ಆನಿ ಅಷ್ಟೇ' ಅಂತ ಬರದಿದ್ದೆ.

ತುಂಬಬ್ಯಾಡ. ಈಗ ಕಟ್ಟಿಗಿ ಪೂರಾ ಒಣಗಿ ಬಿರುಕು ಬಾಯಿ ತೆರದದ. ಈಗ ಅದರಾಗ ಗಟ್ಟಿ ಏನರೆ ತುಂಬಿದ್ರ, ಮಳಿಗಾಲದಾಗ ಕಟ್ಟಿಗಿ ಹಿಗ್ಗಿ ಕೂಡ್ಲಿಕ್ಕ ಬರ್ತದ, ನೀ ತುಂಬಿದ್ದು ನಡುವ ಬೆಣಿ ಹಂಗ ನಿಂತು ಮುಂದಕ್ಕ ಸೀಳ್ತದ. ನೆಳ್ಳಾಗ ಇಡು. ನೀರಾಗ ನೆನಿಸಬ್ಯಾಡ, ಎಣ್ಣಿನೂ ಬ್ಯಾಡ. ಮಿರ್ಗದ (ಮೃಗಶಿರಾ) ಮಳಿ ಆಗಿ ಎರಡು ವಾರ ಹೋಗಲಿ, ಆವಾಗ ನೋಡಿ ಹೇಳು.

ಸಿಲ್ಕ್‌ಬೋರ್ಡ್_ಕಲಬುರ್ಗಿಯವ · ಅದೇ ದಿನ ರಾತ್ರಿ

ರೆಸಿನ್ ಬಗ್ಗೆ ಕಾಕಾ ಹೇಳಿದ್ದು ಈಗ ಅರ್ಥ ಆಯ್ತು. ನನ್ನ ಟ್ರೇ ಮೂಲೆಯಲ್ಲೂ ಎದ್ದಿದೆ, ಆ ದಿನ ಹೇಳಲಿಲ್ಲ.

ರೊಟ್ಟಿಬುಟ್ಟಿ · ಜೂನ್ ಕಡಿ ವಾರ

ಕಾಕಾ, ಮಿರ್ಗ ಛಲೋ ಬಿತ್ತು ಈ ಸಲ. ಊರ ಕಡಿ ತೊಗರಿ ಬಿತ್ತನಿ ನಡದದ. ಬೋಗುಣಿ ಇವತ್ತು ತೆಗದು ನೋಡ್ದೆ. ನಾಣ್ಯ ಹೋಗಲ್ಲ ಈಗ, ಕೂದಲಷ್ಟು ಗೆರಿ ಉಳದದ. ಉಗುರು ಆಡಿಸಿದ್ರ ಮಾತ್ರ ಗೊತ್ತಾಗ್ತದ.

ಬಡಿಗೇರ_ಕಾಕಾ · ಸ್ವಲ್ಪ ಹೊತ್ತಿನ ನಂತರ

ಫೆವಿಕಾಲ್ ಹಚ್ಚಿಲ್ಲ ಹೌದಿಲ್ಲೋ? ಮುಂದಿನ ಬ್ಯಾಸಗಿಗಿ ಮತ್ತ ಸ್ವಲ್ಪ ತೆರಿತದ, ಹೆದರಬ್ಯಾಡ. ಗಾಣದ ಅಗಸಿ ಎಣ್ಣಿ ಈಗ ಹಚ್ಚು. ಹಿಟ್ಟು ನಾದ್ಲಿಕ್ಕ ಮಾತ್ರ ಬ್ಯಾಡ, ಗೆರ್ಯಾಗ ಹಿಟ್ಟು ಕೂತು ಹುಳಿ ಬರ್ತದ.

ರೊಟ್ಟಿಬುಟ್ಟಿ · ಅದೇ ದಿನ

ಹಚ್ಚಿಲ್ಲ ಕಾಕಾ. ಎಣ್ಣಿ ತರಬೇಕು ಅನ್ನೂದ್ರಾಗ ಅತ್ತಿಯವರು ಅದರಾಗ ಬಳ್ಳೊಳ್ಳಿ ತುಂಬಿ ಒಲಿ ಪಕ್ಕ ಇಟ್ಟಾರ. ಖಾಲಿ ಮಾಡ್ಲಿಕ್ಕ ಕೊಡವಲ್ರು.